ಮಗುವಿಗೊಂದು ಜೀನ್ಸ್ ಕೌದಿ

ಕಂಪ್ಲಿಯ ಒಂದು ಮನೆಯಲ್ಲಿ ಕೌದಿಯ ವಿಷಯಕ್ಕೆ ತಾಯಿ ಮಗಳ ನಡುವೆ ಮಾತು ನಿಂತಿತ್ತು. ಆಸ್ತಿಯ ವಿಷಯಕ್ಕೆ ಮಾತು ನಿಂತ ಮನೆಗಳನ್ನು ನೋಡಿದ್ದೇನೆ. ಮದುವೆಯ ವಿಷಯಕ್ಕೆ ನಿಂತದ್ದನ್ನಂತೂ ಬೇಕಾದಷ್ಟು ನೋಡಿದ್ದೇನೆ. ಆದರೆ ಇನ್ನೂ ಹುಟ್ಟದ ಮಗುವಿಗೆ ಯಾವ ಬಟ್ಟೆಯ ಹಾಸಿಗೆ ಎಂಬುದಕ್ಕೆ ಎರಡು ತಿಂಗಳು ಮಾತು ನಿಂತದ್ದನ್ನು ಕಂಡದ್ದು ಇದೇ ಮೊದಲು. ಇಬ್ಬರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. "ಹೆಸರೊಂದು ಹಾಕಬ್ಯಾಡ್ರಿ ಫಾದರ್" ಎಂದಿದ್ದಾರೆ, ಹಾಕುವುದಿಲ್ಲ.

ನಮ್ಮ ಸೀಮೆಯ ಓದುಗರಿಗೆ ಕೌದಿ ಎಂದರೇನೆಂದು ಹೇಳಬೇಕಾಗಿಲ್ಲ. ದಕ್ಷಿಣದ ಊರುಗಳಲ್ಲಿ ಬೆಳೆದ ಮಕ್ಕಳಿಗಾಗಿ ಒಂದೆರಡು ಮಾತು. ಹಳೆಯ ಸೀರೆ, ಧೋತರ, ಹರಿದ ಅಂಗಿ ಇವುಗಳನ್ನು ತುಂಡು ಮಾಡಿ, ಪದರದ ಮೇಲೆ ಪದರ ಹಾಸಿ, ಕೈಸೂಜಿಯಿಂದ ಅಂಚಿನಿಂದ ಒಳಕ್ಕೆ ಸಾಲುಸಾಲಾಗಿ ಹೊಲಿಯುತ್ತಾ ಬರುವುದು ಕೌದಿ. ಬೇಸಿಗೆಯಲ್ಲಿ ಹಾಸಲು, ಚಳಿಯಲ್ಲಿ ಹೊದೆಯಲು. ಮೊದಲೆಲ್ಲ ಹೆಂಗಸರು ಊರೂರು ತಿರುಗಿ, ಮನೆ ಮುಂದೆ ಕೂತು, ಕೂಲಿಗೆ ಕೌದಿ ಹೊಲಿದುಕೊಡುತ್ತಿದ್ದರು. ಮಗುವಿನ ಕೌದಿ ಮಾತ್ರ ಕೂಲಿಗೆ ಕೊಡುವಂಥದಲ್ಲ. ಕುಂಚಿಗೆ, ಕುಲಾವಿಗಳ ಜೊತೆಗೆ ಅದು ತವರುಮನೆಯಿಂದ ಬರಬೇಕು. ಅದರಲ್ಲಿ ಅಜ್ಜಿಯ ಸೀರೆಯಿರಬೇಕು. ಹೊಸ ಬಟ್ಟೆಯ ಗಂಜಿ ಹಸುಗೂಸಿನ ಮೈಗೆ ಚುಚ್ಚುತ್ತದೆ. ನೂರು ಸಲ ಒಗೆದ ಹತ್ತಿಯ ಸೀರೆ ಚುಚ್ಚುವುದಿಲ್ಲ. ಈ ಲೆಕ್ಕಾಚಾರದ ಜೊತೆಗೆ ಇನ್ನೊಂದು ನಂಬಿಕೆಯೂ ಇದೆ: ಬಾಳಿ ಬದುಕಿದವರ ಬಟ್ಟೆಯಲ್ಲಿ ಅವರ ಆಶೀರ್ವಾದವೂ ಬರುತ್ತದೆ ಎಂದು.

ಈ ತಾಯಿಗೆ ಅರವತ್ತು ದಾಟಿದೆ. ಗದ್ದೆ ನಾಟಿಯ ಕೂಲಿ ಮಾಡಿ ಮಕ್ಕಳನ್ನು ಬೆಳೆಸಿದವರು. ತನ್ನ ತಾಯಿಯ ಒಂದು ಇಳಕಲ್ ಸೀರೆಯನ್ನು ಟ್ರಂಕಿನಲ್ಲಿ, ನುಸಿಗುಳಿಗೆ ಹಾಕಿ, ಮಗಳ ಮೊದಲ ಮಗುವಿನ ಕೌದಿಗೆಂದೇ ಇಟ್ಟುಕೊಂಡಿದ್ದರು. ಮಗಳು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುತ್ತಾಳೆ. ಬಳ್ಳಾರಿಯ ಜೀನ್ಸ್ ದೇಶದಲ್ಲೆಲ್ಲ ಹೆಸರಾಗಿದೆ. ಅದು ನಡೆಯುವುದು ದೊಡ್ಡ ಕಾರ್ಖಾನೆಗಳಿಗಿಂತ ಹೆಚ್ಚಾಗಿ ಓಣಿಯ ಸಣ್ಣ ಘಟಕಗಳಲ್ಲಿ, ಮನೆಯ ಪಡಸಾಲೆಯ ಹೊಲಿಗೆ ಯಂತ್ರಗಳಲ್ಲಿ. ಕತ್ತರಿಸಿದ ಬಟ್ಟೆ ಕಟ್ಟುಕಟ್ಟಾಗಿ ಬರುತ್ತದೆ, ಒಬ್ಬರು ಜೇಬು, ಒಬ್ಬರು ಪಟ್ಟಿ, ಒಬ್ಬರು ಕಾಲು ಹೊಲಿಯುತ್ತಾರೆ, ಹೊಲಿಗೆ ಮುಗಿದು ಹೋಗುತ್ತದೆ. ತುಂಡಿಗಿಷ್ಟು ಎಂದು ಕೂಲಿ.

ಏಳನೇ ತಿಂಗಳಿಗೆ ತವರಿಗೆ ಬಂದಾಗ ಮಗಳು ಒಂದು ಗಂಟು ತಂದಿದ್ದಳು. ಅದರಲ್ಲಿ ಕಡುನೀಲಿ, ತಿಳಿನೀಲಿ, ಕಪ್ಪು ಜೀನ್ಸಿನ ಚೂರುಗಳು. ಜೇಬಿನ ಒಳಗೆ ಹಾಕುವ ಬಿಳಿ ಬಟ್ಟೆ. ಆಟೋ ಓಡಿಸುವ ಗಂಡನ ಒಂದು ಖಾಕಿ ಅಂಗಿ. "ಇದರಾಗ ಮಗೀಗೆ ಕೌದಿ ಹೊಲಿದುಕೊಡವ್ವ. ಹಳೇ ಸೀರಿ ಬ್ಯಾಡ."

ತಾಯಿ ನನ್ನಲ್ಲಿಗೆ ಬಂದದ್ದು ಪಾಪನಿವೇದನೆಗಲ್ಲ, ಭಾನುವಾರದ ಪೂಜೆಯ ನಂತರ ಅಂಗಳದಲ್ಲಿ ನಿಂತು ಹೇಳಿಕೊಳ್ಳಲಿಕ್ಕೆ. "ಗಂಡಸರು ತೊಡೋ ಪ್ಯಾಂಟಿನ ಬಟ್ಟಿ ಫಾದರ್. ಅದೂ ಗುಡಿಸಿ ಹಾಕೋ ಚೂರು. ಅದರ ಮ್ಯಾಲ ಕೂಸು ಮಲಗಸ್ಬೇಕಂತ. ಇದು ಹಾಕು, ಅದು ಬ್ಯಾಡ ಅಂತಾಳ. ನಾನೇನ್ ಆಕಿ ಟೇಲರ್ ಏನ್ರೀ?"

ಕೊನೆಯ ಆ ಪ್ರಶ್ನೆಯನ್ನು ನಾನು ಅಂದು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ನನಗೆ ಆ ಹೊತ್ತಿನಲ್ಲಿ ಉತ್ತರ ಸಿದ್ಧವಾಗಿತ್ತು. ಜೆರಿಕೊ ಊರಿನ ಕುರುಡ ಬಾರ್ತಿಮಾಯನ ಪ್ರಸಂಗ ಹೇಳಿದೆ. ಅವನಿಗೆ ಏನು ಬೇಕೆಂದು ನೋಡಿದವರಿಗೆಲ್ಲ ಗೊತ್ತಾಗುವಂತಿತ್ತು. ಆದರೂ ಯೇಸುಸ್ವಾಮಿ ಅವನನ್ನು ಹತ್ತಿರ ಕರೆದು, ನಿನಗೆ ನಾನು ಏನು ಮಾಡಬೇಕು ಎಂದು ಕೇಳಿದರು. ಕೊಡುವವನು ಕೇಳಬೇಕು, ಪಡೆಯುವವನಿಗೆ ಬೇಕಾದುದನ್ನು ಕೊಡುವುದೇ ಪ್ರೀತಿ. ಪರರಿಗೆ ಒಳಿತನ್ನು ಬಯಸುವುದೇ ಪ್ರೀತಿ ಎಂದು ಸಂತ ತೋಮಸ್ ಅಕ್ವಿನಾಸರು ಅರಿಸ್ಟಾಟಲನನ್ನು ಅನುಸರಿಸಿ ಹೇಳುತ್ತಾರೆ. ಇದನ್ನೂ ನನ್ನ ಕೈಲಾದಷ್ಟು ಸರಳಗೊಳಿಸಿ ಸೇರಿಸಿದೆ. ಆಕೆ ಕೇಳಿಸಿಕೊಂಡು "ಆತು ಫಾದರ್" ಎಂದು ಹೋದರು. ಮುಂದಿನ ಎರಡು ಭಾನುವಾರ ಪೂಜೆಗೆ ಬರಲಿಲ್ಲ.

ಬರದಿದ್ದುದಕ್ಕೆ ಕಾರಣ ಮೈಕೈ ನೋವೆಂದು ಅವರ ಪಕ್ಕದ ಮನೆಯವರು ಹೇಳಿದರು. ನನಗೆ ಸಮಾಧಾನವಾಗಲಿಲ್ಲ. ರಾತ್ರಿ ಕೂತು ಯೋಚಿಸುವಾಗ ನಾಚಿಕೆಯಾಯಿತು. ಪ್ರಭು ಕೇಳಿದರು ಎಂದು ಹೇಳಿದವನು ನಾನು. ಆ ತಾಯಿಗೆ ಏನು ಬೇಕೆಂದು ನಾನು ಕೇಳಿರಲಿಲ್ಲ.

ಓದುಗರೇ, ಇಲ್ಲಿರುವ ಪ್ರಶ್ನೆ ಮೇಲ್ನೋಟಕ್ಕೆ ಕಾಣುವಷ್ಟು ಹಗುರವಲ್ಲ. ಪಡೆಯುವವರೇ ಎಲ್ಲವನ್ನೂ ಆರಿಸಿದ ಮೇಲೆ ಅದು ಕೊಡುಗೆಯಾಗಿ ಉಳಿಯುತ್ತದೆಯೇ? ಅಂಗಡಿಯಲ್ಲಿ ಬಟ್ಟೆ, ಬಣ್ಣ, ಅಳತೆ ಎಲ್ಲವನ್ನೂ ಆರಿಸುವವನು ಗಿರಾಕಿ. ಅವನು ದುಡ್ಡು ಕೊಡುತ್ತಾನೆ, ಲೆಕ್ಕ ಮುಗಿಯುತ್ತದೆ. ಮಗಳು ದುಡ್ಡು ಕೊಡದೆ ಗಿರಾಕಿಯ ಹಾಗೆ ಆರಿಸಿದರೆ ತಾಯಿಗೆ ಉಳಿದದ್ದೇನು, ಬಿಟ್ಟಿ ದುಡಿಮೆಯಲ್ಲವೇ? "ನಾನೇನ್ ಆಕಿ ಟೇಲರ್ ಏನ್ರೀ" ಎಂಬ ಮಾತಿನಲ್ಲಿ ಇಷ್ಟೂ ಇತ್ತು.

ಅರಿಸ್ಟಾಟಲನ ನೀತಿಶಾಸ್ತ್ರದ ಒಂಬತ್ತನೆಯ ಪುಸ್ತಕದಲ್ಲಿ ಒಂದು ವಿಚಾರ ಬರುತ್ತದೆ. ಉಪಕಾರ ಮಾಡಿದವನು ಪಡೆದವನನ್ನು ಪ್ರೀತಿಸುವಷ್ಟು, ಪಡೆದವನು ಮಾಡಿದವನನ್ನು ಪ್ರೀತಿಸುವುದಿಲ್ಲ, ಏಕೆ? ಕಸುಬಿನವನಿಗೆ ತಾನು ಮಾಡಿದ ವಸ್ತುವಿನ ಮೇಲೆ ಇರುವ ಪ್ರೀತಿಯನ್ನು ಆತ ಉದಾಹರಣೆಯಾಗಿ ಕೊಡುತ್ತಾನೆ. ಮಾಡಿದ್ದರಲ್ಲಿ ಮಾಡಿದವನೇ ಇದ್ದಾನೆ. ಗುರುಮಠದಲ್ಲಿ ಇದನ್ನು ಓದಿ ಪರೀಕ್ಷೆ ಬರೆದವನು ನಾನು, ಅರ್ಥವಾದದ್ದು ಈ ಕೌದಿಯ ಹೊತ್ತಿಗೆ. ತಾಯಿಗೆ ಬಟ್ಟೆಯ ಮೇಲೆ ಹಟವಿರಲಿಲ್ಲ. ಕೌದಿಯಲ್ಲಿ ತಾನಿರಬೇಕು, ತನ್ನ ತಾಯಿಯಿರಬೇಕು ಎಂಬ ಆಸೆಯಿತ್ತು. ಹಳೆಯ ಒಡಂಬಡಿಕೆಯ ಹನ್ನಳನ್ನು ನೆನೆಯಿರಿ. ದೇವಾಲಯಕ್ಕೆ ಬಿಟ್ಟುಕೊಟ್ಟ ಮಗ ಸಮುವೇಲನಿಗೆ ವರ್ಷಕ್ಕೊಂದು ಸಣ್ಣ ನಿಲುವಂಗಿ ಹೊಲಿದು ಒಯ್ಯುತ್ತಿದ್ದಳು. ಕಣ್ಣೆದುರಿಗಿಲ್ಲದ ಮಗ ಎಷ್ಟು ಬೆಳೆದಿದ್ದಾನೆಂದು ಅಂದಾಜು ಮಾಡಿಯೇ ಹೊಲಿದಿರಬೇಕು. ನಿನಗೆ ಯಾವ ಬಣ್ಣ ಬೇಕೆಂದು ಕೇಳಿದಳೆಂದು ಎಲ್ಲೂ ಇಲ್ಲ. ಅವಳ ಕೊಡುಗೆ ಬಾರ್ತಿಮಾಯನಿಗೆ ಸಿಕ್ಕದ್ದಕ್ಕಿಂತ ಬೇರೆಯ ಬಗೆಯದು. ಅದನ್ನೂ ದೇವರ ವಾಕ್ಯ ಆದರದಿಂದಲೇ ಹೇಳುತ್ತದೆ. ನಾನು ಅಂಗಳದಲ್ಲಿ ಒಂದನ್ನು ಹೇಳಿ ಇನ್ನೊಂದನ್ನು ಮರೆತೆ.

ಮೂರನೆಯ ವಾರ ಅವರ ಮನೆಗೆ ಹೋದೆ. ನದಿಯಲ್ಲಿ ನೀರು ಹೆಚ್ಚಾಗಿತ್ತು. ತುಂಗಭದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಕಂಪ್ಲಿ-ಗಂಗಾವತಿ ಸೇತುವೆ ಮುಳುಗುವುದು ನಮಗೆ ಹೊಸದಲ್ಲ. ಅತ್ತಲಿಂದ ಬರಬೇಕಾದವರು ಯಾರೂ ಬಂದಿರಲಿಲ್ಲ, ಊರು ಸುಮ್ಮನಿತ್ತು. ಮಗಳು ಹೊಸ್ತಿಲಲ್ಲಿ ಕೂತಿದ್ದಳು, ತಾಯಿ ಅಡುಗೆಮನೆಯಲ್ಲಿದ್ದರು. ಈ ಸಲ ಕೇಳುವ ಕೆಲಸ ಮಾತ್ರ ಮಾಡಬೇಕೆಂದು ನಿಶ್ಚಯಿಸಿ ಹೋಗಿದ್ದೆ.

"ಜೀನ್ಸೇ ಯಾಕಮ್ಮ?" ಎಂದೆ.

ಅವಳು ಹೇಳಿದ್ದನ್ನು ನನಗೆ ನೆನಪಿರುವಷ್ಟು ಬರೆಯುತ್ತೇನೆ. ಎಂಟು ವರ್ಷದಿಂದ ಹೊಲಿಯುತ್ತಿದ್ದೇನೆ, ಒಂದು ದಿನವೂ ಬಟ್ಟೆ ನಾನು ಆರಿಸಿದ್ದಿಲ್ಲ. ಕತ್ತರಿಸಿದ್ದು ಬರುತ್ತದೆ, ಹೊಲಿದದ್ದು ಹೋಗುತ್ತದೆ. ಯಾರು ತೊಡುತ್ತಾರೋ ಗೊತ್ತಿಲ್ಲ. ಈ ಒಂದನ್ನು ನಾನು ಆರಿಸಬೇಕು ಅನಿಸಿತು. ಆಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದಳು: "ನನಗ ಹುಟ್ಟಿದಾಗಿಂದ ಹಳೇದ ಫಾದರ್. ಗೌಡ್ರ ಮನಿ ಹುಡುಗೀರ ಲಂಗ, ಅಕ್ಕನ ಪುಸ್ತಕ, ಯಾರೋ ಕೊಟ್ಟ ಚೀಲ. ಇವು ಚೂರಾದ್ರೂ ಹೊಸವು. ನನ್ನ ಕೂಸು ಮೊದಲನೇ ಸಲ ಮಲಗೋದು ಹೊಸ ಬಟ್ಟಿ ಮ್ಯಾಲ ಇರಲಿ."

ಒಳಗೆ ಪಾತ್ರೆಯ ಸದ್ದು ನಿಂತಿತು. ತಾಯಿಗೆ ಹಳೆಯದೆಂದರೆ ಆಶೀರ್ವಾದ, ಮಗಳಿಗೆ ಹಳೆಯದೆಂದರೆ ಬಡತನ. ಒಂದೇ ಸೀರೆ, ಇಬ್ಬರಿಗೂ ಬೇರೆ ಬೇರೆ ನೆನಪು. ಇದರಲ್ಲಿ ಯಾರು ತಪ್ಪು?

ದುಡಿಮೆಯ ಬಟ್ಟೆ ಹಾಸಿಗೆಗೆ ಸಲ್ಲದು ಎಂಬ ತಾಯಿಯ ಮಾತಿಗೆ ಮಾತ್ರ ನನ್ನ ಒಪ್ಪಿಗೆಯಿಲ್ಲ. ಜೀನ್ಸ್ ಹುಟ್ಟಿದ್ದೇ ಕೂಲಿಕಾರರ ಬಟ್ಟೆಯಾಗಿ. 1873ರಲ್ಲಿ ಅಮೆರಿಕದಲ್ಲಿ ಲೀವೈ ಸ್ಟ್ರಾಸ್ ಮತ್ತು ಜೇಕಬ್ ಡೇವಿಸ್ ಪೇಟೆಂಟ್ ಪಡೆದದ್ದು, ದುಡಿಯುವವರ ಜೇಬು ಹರಿಯದಂತೆ ತಾಮ್ರದ ಮೊಳೆ ಬಡಿದ ಪ್ಯಾಂಟಿಗೆ. ಅದೇ ದೇಶದ ಅಲಬಾಮ ರಾಜ್ಯದಲ್ಲಿ ಜೀಸ್ ಬೆಂಡ್ ಎಂಬ ಊರಿದೆ. ಅಲ್ಲಿಯ ಕಪ್ಪು ಜನಾಂಗದ ಹೆಂಗಸರು ಹೊಲದ ಕೆಲಸದ ಹಳೆಯ ಪ್ಯಾಂಟು ಅಂಗಿಗಳಿಂದಲೇ ಕೌದಿ ಹೊಲಿಯುತ್ತಿದ್ದರು. 1942ರಲ್ಲಿ ಮಿಸೌರಿ ಪೆಟ್‌ವೇ ಎಂಬಾಕೆ ಗಂಡ ತೀರಿಕೊಂಡಾಗ ಅವನ ಕೆಲಸದ ಬಟ್ಟೆಗಳನ್ನೆಲ್ಲ ಸೇರಿಸಿ ಒಂದು ಕೌದಿ ಮಾಡಿದಳು, ಅದನ್ನು ಹೊದ್ದು ಅವನನ್ನು ನೆನೆಯಲಿಕ್ಕೆ. 2002ರಲ್ಲಿ ಆ ಊರಿನ ಕೌದಿಗಳನ್ನು ನ್ಯೂಯಾರ್ಕಿನ ವಿಟ್ನಿ ವಸ್ತುಸಂಗ್ರಹಾಲಯದಲ್ಲಿ ಚಿತ್ರಗಳ ಹಾಗೆ ಗೋಡೆಗೆ ತೂಗುಹಾಕಿ ತೋರಿಸಿದರು. ಅಷ್ಟು ದೂರವೇಕೆ, ನಮ್ಮ ಉತ್ತರ ಕನ್ನಡದ ಹಳಿಯಾಳ, ಮುಂಡಗೋಡು ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕೌದಿಗಳು 2011ರಲ್ಲಿ ಅದೇ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಸಿದ್ದಿಗಳಲ್ಲಿ ಹಿಂದೂಗಳೂ ಮುಸಲ್ಮಾನರೂ ಇದ್ದಾರೆ, ನಮ್ಮ ಕಥೋಲಿಕ ಕುಟುಂಬಗಳೂ ಇವೆ. ಅವರ ಕೌದಿಯಲ್ಲಿ ಸಿಕ್ಕ ಬಟ್ಟೆಗೆಲ್ಲ ಜಾಗವಿದೆ.

ಇಲ್ಲಿ ಒಂದು ವಿಚಾರ ಹೇಳಬೇಕು, ಏಕೆಂದರೆ ಇಷ್ಟು ಹೊತ್ತು ನಾವು ತಾಯಿ ಮಗಳ ಮಾತನ್ನೇ ಆಡುತ್ತಿದ್ದೇವೆ. ಕೌದಿ ಮಗಳಿಗಲ್ಲ, ಮಗುವಿಗೆ. ನಿಜವಾಗಿ ಪಡೆಯುವವನು ಆರಿಸಲಾರ, ಬೇಡ ಎನ್ನಲಾರ. ಮಗು ರೊಟ್ಟಿ ಕೇಳಿದರೆ ಯಾವ ತಂದೆಯೂ ಕಲ್ಲು ಕೊಡುವುದಿಲ್ಲವೆಂದು ಪ್ರಭು ಹೇಳಿದ್ದಾರೆ. ಮಗುವಿನ ಪರವಾಗಿ ಬೇರೆಯವರು ಕಲ್ಲನ್ನೇ ಕೇಳಿದರೆ ಏನು ಮಾಡಬೇಕೆಂಬುದು ಅಲ್ಲಿಲ್ಲ! ಜೀನ್ಸ್ ಕಲ್ಲಲ್ಲ ನಿಜ, ಆದರೆ ಮಗುವಿಗೆ ಹೂವೂ ಅಲ್ಲ. ಅದರ ಉದ್ದೆಳೆಗೆ ಮಾತ್ರ ನೀಲಿ ಬಣ್ಣ, ಅಡ್ಡೆಳೆ ಬಿಳಿ. ಆ ನೀಲಿ ಎಳೆಯ ಮೇಲ್ಮೈಯಲ್ಲೇ ಕೂತಿರುವುದರಿಂದ ಹೊಸದರಲ್ಲಿ ಬೆವರಿಗೆ, ಉಚ್ಚೆಗೆ, ಬರೀ ಉಜ್ಜಿದರೂ ಬಿಡುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ದಪ್ಪ ಬಟ್ಟೆಯಲ್ಲಿ ಕೂಸಿನ ಮೈಯೆಲ್ಲ ಬೆವರುಸಾಲೆ. ಒಂದು ವರ್ಷ ತುಂಬುವ ತನಕ ಮಲಗಿದ ಮಗುವಿನ ಮೇಲೆ ದಪ್ಪ ಹೊದಿಕೆ ಹಾಕಬೇಡಿ, ಮುಖಕ್ಕೆ ಬಿದ್ದು ಉಸಿರು ಕಟ್ಟೀತು ಎಂದು ಮಕ್ಕಳ ವೈದ್ಯರು ಈಗ ಹೇಳುತ್ತಾರೆ. ಸಂಡೂರಿನ ಲಂಬಾಣಿ ಕಸೂತಿಯನ್ನೇ ತೆಗೆದುಕೊಳ್ಳಿ. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಅಲ್ಲಿಯ ಹೆಂಗಸರ ಕೈಕೆಲಸದ 1755 ವಸ್ತುಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆಯಾಯಿತು. ಕಣ್ಣು ತುಂಬುವ ಕೆಲಸ. ಆದರೂ ಆ ಕನ್ನಡಿ ಕವಡೆಗಳನ್ನು ಯಾವ ಬುದ್ಧಿವಂತ ತಾಯಿಯೂ ತೊಟ್ಟಿಲೊಳಗೆ ಹಾಕುವುದಿಲ್ಲ.

ಆದ್ದರಿಂದ ಆರಿಸುವ ಹಕ್ಕಿಗೂ ಒಂದು ಗಡಿಯಿದೆ, ಕೊಡುವ ಪ್ರೀತಿಗೂ ಇದೆ. ಆ ಗಡಿ ಮಗುವಿನ ಮೈ. ಇಷ್ಟನ್ನು ಹೇಳಿದಾಗ ಇಬ್ಬರೂ ಕೂಡಲೇ ಒಪ್ಪಿದರು. ತಾವಿಬ್ಬರೂ ಮಗುವನ್ನು ಬಿಟ್ಟು ಜಗಳವಾಡುತ್ತಿದ್ದೆವೆಂದು ತಿಳಿದು ಸ್ವಲ್ಪ ನಗುವೂ ಬಂತು. ಅಲ್ಲಿಂದ ಮುಂದೆ ನನಗೆ ಅಲ್ಲಿ ಕೆಲಸವಿರಲಿಲ್ಲ. ಕಸುಬು ಗೊತ್ತಿದ್ದ ಇಬ್ಬರು ಹೆಂಗಸರು ಬಟ್ಟೆ ನೆಲಕ್ಕೆ ಹರವಿಕೊಂಡು ಕೂತರು. ಜೀನ್ಸನ್ನು ಬಣ್ಣ ಬಿಡುವುದು ನಿಲ್ಲುವ ತನಕ ಒಗೆಯಬೇಕು, ಇಲ್ಲವಾದರೆ ಹೊಲಿದ ಮೇಲೆ ಬಟ್ಟೆ ಕುಗ್ಗಿ ಕೌದಿ ಮುದುಡುತ್ತದೆ ಎಂದರು ತಾಯಿ. ಹಳೆಯ ಬಟ್ಟೆಗೆ ಹೊಸ ತೇಪೆ ಹಾಕಬಾರದೆಂಬ ಪ್ರಭುವಿನ ಸಾಮತಿಯನ್ನು ನಾನು ಎಷ್ಟೋ ಸಲ ಬೋಧಿಸಿದ್ದೇನೆ, ಅದರೊಳಗೆ ಇಂಥ ಒಗೆಯುವ ಲೆಕ್ಕವಿದೆಯೆಂದು ಆ ದಿನ ಹೊಳೆಯಿತು. ಜೀನ್ಸು ನೆಲದ ಮಗ್ಗುಲಿಗಿರಲಿ, ಜೇಬಿನ ಬಿಳಿ ಬಟ್ಟೆ ಮಗುವಿನ ಮೈ ಕಡೆಗಿರಲಿ ಎಂದಳು ಮಗಳು. ಖಾಕಿ ನಡುವೆ ಒಂದು ಚೌಕ. ಆರು ಪದರ ಜೀನ್ಸ್ ಸೇರುವ ಕಡೆ ಕೈಸೂಜಿ ಹೋಗುವುದಿಲ್ಲ, ಮುರಿಯುತ್ತದೆ, ಜೋಡಣೆ ಕಡಿಮೆ ಇರಬೇಕು ಎಂದು ಇಬ್ಬರೂ ಒಟ್ಟಿಗೆ ಹೇಳಿದರು.

ಆದರೂ ತಾಯಿಯ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಎಲ್ಲವನ್ನೂ ಮಗಳು ಆರಿಸಿದ ಮೇಲೂ ತಾಯಿ ಟೇಲರ್ ಆಗದೆ ಉಳಿಯುವುದು ಹೇಗೆ? ಅಕ್ವಿನಾಸರು ಕೊಡುಗೆಯ ಬಗ್ಗೆ ಬರೆಯುತ್ತಾ, ಮರಳಿ ಪಡೆಯುವ ಉದ್ದೇಶವಿಲ್ಲದೆ ಕೊಡುವುದೇ ಕೊಡುಗೆ, ಯಾವುದನ್ನು ಕೊಡುವಾಗಲೂ ಮೊದಲು ಕೊಡುವುದು ಪ್ರೀತಿಯನ್ನು ಎನ್ನುತ್ತಾರೆ. ಬಟ್ಟೆಯನ್ನು ಆರಿಸಬಹುದು, ಬಣ್ಣವನ್ನು ಆರಿಸಬಹುದು, ಮಧ್ಯಾಹ್ನದ ಬಿಸಿಲಲ್ಲಿ ಕಣ್ಣು ಕಿರಿದು ಮಾಡಿ ಹಾಕುವ ಹೊಲಿಗೆಯನ್ನು ಯಾರೂ ಆರಿಸಿ ತರಿಸಿಕೊಳ್ಳಲಾರರು. ಇದು ಸಾಕು ಎಂದು ಒಂದು ಕಾಲಕ್ಕೆ ನಾನು ಹೇಳುತ್ತಿದ್ದೆ. ಈಗ ಅಷ್ಟಕ್ಕೆ ನಿಲ್ಲಲಾರೆ. ನಿನ್ನ ಕೈ ಬೇಕು, ನಿನ್ನ ನೆನಪು ಬೇಡ ಎಂದು ಒಬ್ಬ ಮುದುಕಿಗೆ ಹೇಳುವುದೂ ಒಂದು ಬಗೆಯ ಕಾಠಿಣ್ಯವೇ. ಪಡೆಯುವುದರಲ್ಲೂ ಔದಾರ್ಯ ಬೇಕು. ಮಗಳು ಬಟ್ಟೆಯ ಗಂಟು ಬಿಚ್ಚುವ ಮುನ್ನ, ನೀನು ಏನು ಇಟ್ಟುಕೊಂಡಿದ್ದೀ ಅವ್ವಾ ಎಂದು ಒಂದು ಮಾತು ಕೇಳಬಹುದಿತ್ತು. ಜ್ಞಾನಸ್ನಾನದ ವಿಧಿ ಆರಂಭವಾಗುವುದು ಕೇಳುವುದರಿಂದ ಎಂಬುದನ್ನು ಗಮನಿಸಿದ್ದೀರಾ? ಗುರು ಬಾಗಿಲಲ್ಲಿ ನಿಂತು, ಮಗುವಿಗೆ ಯಾವ ಹೆಸರು, ದೇವರ ಸಭೆಯಿಂದ ನಿಮಗೇನು ಬೇಕು ಎಂದು ತಂದೆತಾಯಿಯರನ್ನು ಕೇಳುತ್ತಾನೆ. ಉತ್ತರ ಎಲ್ಲರಿಗೂ ಗೊತ್ತು. ಆದರೂ ಕೇಳುತ್ತಾನೆ.

ಗಂಡು ಮಗುವಾಯಿತು. ಬಾಣಂತನ ಮುಗಿಯುವ ಹೊತ್ತಿಗೆ ಕೌದಿಯೂ ಮುಗಿದಿತ್ತು. ಅದರ ಹಿಂದಿನ ವಾರ ತಾಯಿ ಚರ್ಚಿನ ಅಂಗಳದಲ್ಲಿ ನನಗೆ ಗುಟ್ಟಾಗಿ ಒಂದು ವಿಷಯ ಹೇಳಿದರು. ಮೇಲಿನದೂ ಕೆಳಗಿನದೂ ಮಗಳು ಆರಿಸಿದ್ದೇ. ನಡುವಿನ ಪದರಕ್ಕೆ, ಕೌದಿಯ "ಹೊಟ್ಟೆ"ಗೆ, ಏನು ಹಾಕಬೇಕೆಂದು ಅವಳು ಹೇಳಿರಲಿಲ್ಲ. ಅದರೊಳಗೆ ಆ ಇಳಕಲ್ ಸೀರೆಯನ್ನು ಎರಡು ಮಡಿಕೆ ಮಾಡಿ ಹಾಸಿ ಹೊಲಿದುಬಿಟ್ಟಿದ್ದರು. ಕೊನೆಯ ಹೊಲಿಗೆಗೆ ಮುಂಚೆ ನಾಲ್ಕು ಕಾಳು ಅಕ್ಕಿಯನ್ನೂ ಹಾಕಿದ್ದರಂತೆ. "ತಪ್ಪಾತೇನ್ರಿ ಫಾದರ್?"

ಹಳೆಯ ಸೀರೆ ಬೇಡವೆಂದು ಮಗಳು ಬಾಯಿಬಿಟ್ಟು ಹೇಳಿದ್ದಳು. ಹೇಳದೆ ಇರುವುದಕ್ಕೂ ಸುಳ್ಳು ಹೇಳುವುದಕ್ಕೂ ಇರುವ ಅಂತರವನ್ನು ಗುರುಮಠದಲ್ಲಿ ನಮಗೆ ತಿಂಗಳುಗಟ್ಟಲೆ ಕಲಿಸಿದ್ದಾರೆ. ಆ ಪಾಠ ನೆನಪಿಗೆ ಬಂದಷ್ಟೇ ಬೇಗ ಹೋಯಿತು. ಸರಿ ಎನ್ನಲು ನನಗೆ ಮನಸ್ಸು ಬರಲಿಲ್ಲ, ತಪ್ಪು ಎನ್ನಲು ಬಾಯಿ ಬರಲಿಲ್ಲ. "ಮಗಳಿಗೆ ನೀವೇ ಹೇಳಿ" ಎಂದೆ. "ಹೇಳತೀನಿ, ಹೇಳತೀನಿ" ಎಂದು ಹೋದರು. ಹೇಳಲಿಲ್ಲ.

ಜ್ಞಾನಸ್ನಾನದ ದಿನ ಪೂಜೆ ಮುಗಿದ ಮೇಲೆ ಎಲ್ಲರೂ ನನ್ನ ಕಚೇರಿಯ ಬೆಂಚಿನ ಮೇಲೆ ಕೂತಿದ್ದರು. ಬಳ್ಳಾರಿಗೆ ಹೊರಡುವ ಅವಸರ. ತಾಯಿ ಚೀಲದಿಂದ ಕೌದಿ ತೆಗೆದು ಕೊಟ್ಟರು. ಮಗಳು ಬಿಡಿಸಿ ನೋಡಿದಳು, ನೀಲಿಗಳು ಚೆನ್ನಾಗಿ ಕೂಡಿದ್ದವು, ಖಾಕಿ ಚೌಕ ನಡುವಿಗೆ ಸರಿಯಾಗಿ ಬಂದಿತ್ತು. ಆಮೇಲೆ ಅವಳು ಅಂಚನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಮೆಲ್ಲಗೆ ತಿಕ್ಕಿದಳು. ದಿನವಿಡೀ ಯಂತ್ರದ ಮುಂದೆ ಬಟ್ಟೆಯ ಪದರ ಎಣಿಸುವ ಕೈ ಅದು.

"ನಾಕು ಪದರ ಐತಿ" ಎಂದಳು. "ಮ್ಯಾಲಿಂದು ಒಂದು, ಕೆಳಗಿಂದು ಒಂದು. ನಡುವ ಏನವ್ವ?"

"ಹೊಟ್ಟಿ."

"ಹೊಟ್ಟ್ಯಾಗ ಏನೈತಿ?"

"ಖಾಲಿ ಇಡಾಕ ಬರತೈತೇನು? ಏನರ ಹಾಕಬೇಕಲ್ಲ" ಎಂದು ತಾಯಿ ಕಿಟಕಿಯ ಕಡೆ ನೋಡಿದರು.

ಮಗಳು ಇನ್ನೂ ಸ್ವಲ್ಪ ಹೊತ್ತು ಅಂಚನ್ನು ಹಿಡಿದೇ ಇದ್ದಳು. ಆಮೇಲೆ ಕೌದಿಯನ್ನು ಬೆಂಚಿನ ಮೇಲೆ ಹಾಸಿ, ಬಿಳಿಯ ಮಗ್ಗುಲು ಮೇಲೆ ಮಾಡಿ, ಮಗುವನ್ನು ಅದರ ಮೇಲೆ ಮಲಗಿಸಿ, ಬಳ್ಳಾರಿ ಬಸ್ಸು ಎಷ್ಟು ಗಂಟೆಗೆ ಫಾದರ್ ಎಂದು ನನ್ನನ್ನು ಕೇಳಿದಳು.